ಕಾರ್ ಗೇಮ್ 7: ಕೊನೆಗೂ ಹೊಲಿಗೆ ಮಿಷನ್ ನಿಂತಿತು

ಸಿಕ್ಕಿತು. ನಿನ್ನೆ ರಾತ್ರಿ ಒಂದೂಮುಕ್ಕಾಲಿಗೆ ಸಿಕ್ಕಿತು. ಹಳೇ ಗೇಮ್ ಡಿಸ್ಕಿನ ಹಾಡು ಕಂಪ್ಯೂಟರಿಗೆ ಎಳೆಯುವಾಗ ಮೂರು ವಾರ ನನ್ನ ತಲೆ ತಿಂದ ಆ ಟಕಟಕ ಸದ್ದು ಎಲ್ಲಿಂದ ಬರುತ್ತಿತ್ತು ಅಂತ ಗೊತ್ತಾಯಿತು. ತಪ್ಪು ಡಿಸ್ಕಿನದಲ್ಲ, ಡ್ರೈವಿನದಲ್ಲ, ಜೆಸ್ಕಾಂ ಕರೆಂಟಿನದೂ ಅಲ್ಲ. ನಂದೇ.

ಹಿಂದಿನ ಕತೆ ಗೊತ್ತಿಲ್ಲದವರಿಗೆ ಎರಡು ಮಾತು. 2003ರ ಸುಮಾರಿಗೆ ನಮ್ಮ ಬಳ್ಳಾರಿ ಕೌಲ್ ಬಜಾರಿನಲ್ಲಿ ಒಂದು ವಿಡಿಯೋ ಗೇಮ್ ಪಾರ್ಲರ್ ಇತ್ತು. ಎರಡು ಪ್ಲೇಸ್ಟೇಷನ್, ಎರಡು ಟಿವಿ, ಒಂದು ಕೂಲರ್. ಗಂಟೆಗೆ ಹತ್ತು ರೂಪಾಯಿ. ಅಂಗಡಿ ಮುಚ್ಚುವಾಗ ಪಾರ್ಲರ್ ಅಣ್ಣ ಡಿಸ್ಕುಗಳನ್ನೆಲ್ಲ ನಮಗೇ ಹಂಚಿಬಿಟ್ಟ. ನನ್ನ ಪಾಲಿಗೆ ಬಂದದ್ದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಕಾರ್ ಗೇಮ್ 7’ ಅಂತಷ್ಟೇ ಬರೆದಿದೆ. ಒರಿಜಿನಲ್ ಡಿಸ್ಕಿನ ಹೊಟ್ಟೆ ಕಪ್ಪಗಿರುತ್ತೆ ಅಲ್ವಾ, ಇದರದ್ದು ಹಸಿರು. ಜಾಸ್ತಿ ಕೇಳಬೇಡಿ. ಒಳಗೆ ಪೂರ್ತಿ ಜಪಾನಿ ಅಕ್ಷರ. ಸೀರಿಯಲ್ ನಂಬರ್ ಹಾಕಿ ಹುಡುಕಿದರೆ ಹೆಸರು ಸಿಗಬಹುದು, ನನಗೆ ಬೇಡ. ನಮಗದು ಕಾರ್ ಗೇಮ್ 7, ಅಷ್ಟೇ.

ಅದರಲ್ಲಿ ನನಗೆ ಬೇಕಾಗಿದ್ದದ್ದು ಎರಡೇ ಸದ್ದು. ಒಂದು, ಕಾರು ಆರಿಸುವ ಮೆನುವಿನ ಹಾಡು. ಇನ್ನೊಂದು, ಟೈಮ್ ಮುಗಿದಾಗ ಒಬ್ಬ ಕೂಗುತ್ತಿದ್ದದ್ದು. ಪಾರ್ಲರಿನಲ್ಲಿ ಎಲ್ಲರಿಗೂ ಅದು ‘ಹೋಗಲೇ!’ ಅಂತ ಕೇಳುತ್ತಿತ್ತು. ಸೋತವನ ಬೆನ್ನಿಗೆ ಗುದ್ದಿ ನಾವೂ ಅದನ್ನೇ ಕೂಗುತ್ತಿದ್ದೆವು.

ಡಿಸ್ಕ್ ಓದಿಸಿದ ಪುರಾಣ ಬೇಡ. ಒಂದು ಗೊಣಗಾಟ ಮಾತ್ರ ಇರಲಿ. ಆನ್‌ಲೈನಿನಲ್ಲಿ ತರಿಸಿದ ಯುಎಸ್‌ಬಿ ಡಿವಿಡಿ ಡ್ರೈವ್ ಈ ಡಿಸ್ಕನ್ನು ನುಂಗಿ, ಅರ್ಧ ನಿಮಿಷ ಗುರುಗುಟ್ಟಿ, ಉಗುಳುತ್ತಿತ್ತು. ವಾಪಸ್ ಕಳಿಸಿದೆ. ಬೇರೆ ಕಂಪನಿಯದು ತರಿಸಿದೆ. ಬಿಚ್ಚಿ ನೋಡಿದರೆ ಒಳಗೆ ಅದೇ ಬೋರ್ಡು, ಅದೇ ಮೋಟಾರು, ಮೇಲಿನ ಸ್ಟಿಕರ್ ಬೇರೆ. ಊರಿನ ಅಂಗಡಿಯಲ್ಲಿ ಕೇಳಿದರೆ ಹುಡುಗ ‘ಸಾರ್, ಸಿಡಿ ಅಂದ್ರೆ ಆ ರೌಂಡಿಂದಾ?’ ಅಂದ. ಕೊನೆಗೆ ಗುಜರಿಯಲ್ಲಿ ನೂರು ರೂಪಾಯಿಗೆ ಸಿಕ್ಕ, ಕಂಪ್ಯೂಟರಿನೊಳಗೆ ಕೂರಿಸುವ ಹಳೇ ಸಾಟಾ ಡ್ರೈವ್ ಒಂದೇ ಸಲಕ್ಕೆ ಓದಿತು.

ಮೊದಲ ಎಡವಟ್ಟು ನಿಮಗೂ ಆಗಿರುತ್ತೆ. ಡಿಸ್ಕಿನಲ್ಲಿರುವುದನ್ನೆಲ್ಲ ಇದ್ದ ಹಾಗೇ ನಕಲಿಸಿದ ಬಿನ್ ಫೈಲ್ ತೆಗೆದೆ, ಸರಿ. ಆಮೇಲೆ ಕಂಪ್ಯೂಟರಿನಲ್ಲಿ ಡಿಸ್ಕ್ ಥರ ತೆರೆಯೋಕೆ ಸುಲಭ ಅಂತ ಅದನ್ನು ಐಎಸ್‌ಒ ಅನ್ನೋ ಇನ್ನೊಂದು ನಮೂನೆಗೆ ಬದಲಾಯಿಸಿದೆ. ಒಳಗೆ ದೊಡ್ಡದೊಂದು ಎಕ್ಸ್‌ಎ ಫೈಲ್, ಅಂದ್ರೆ ಪ್ಲೇಸ್ಟೇಷನ್ ಡಿಸ್ಕಿನಿಂದ ಸೀದಾ ನುಡಿಸುವ ಸದ್ದಿನ ಫೈಲ್, ಕಾಣಿಸಿತು. ಎಳೆದು ಪ್ಲೇ ಮಾಡಿದರೆ ಎಂಟು ಹಾಡುಗಳನ್ನು ಈರುಳ್ಳಿ ಥರ ಸಣ್ಣಗೆ ಹೆಚ್ಚಿ ಒಂದೇ ಬಾಣಲೆಗೆ ಹಾಕಿದ ಹಾಗೆ ಇತ್ತು.

ಕಾರಣ ಇಷ್ಟೇ. ಡಿಸ್ಕಿನಲ್ಲಿ ಎಲ್ಲವೂ ಸೆಕ್ಟರ್ ಅನ್ನೋ ತುಂಡುಗಳಲ್ಲಿರುತ್ತೆ, ಒಂದು ಸೆಕ್ಟರ್ 2352 ಬೈಟು. ಮಾಮೂಲಿ ಡೇಟಾ ಸೆಕ್ಟರಿನಲ್ಲಿ ಅದರೊಳಗೆ 2048 ಬೈಟು ಮಾಲು, ಉಳಿದದ್ದು ಹೆಡರ್ ಮತ್ತು ತಪ್ಪು ತಿದ್ದುವ ಕೋಡು. ಎಕ್ಸ್‌ಎ ಆಡಿಯೋ ಸೆಕ್ಟರಿನಲ್ಲಿ ಮಾಲು 2324. ಒಂದೆರಡು ಬಿಟ್ ಹೋದರೂ ಕಿವಿಗೆ ಗೊತ್ತಾಗಲ್ಲ ಅಂತ ತಿದ್ದುವ ಕೋಡಿನ ಜಾಗವನ್ನೂ ಸದ್ದಿಗೇ ಕೊಟ್ಟಿದ್ದಾರೆ. ಆಡಿಯೋ ಇರುವುದು 128 ಬೈಟಿನ 18 ಗುಂಪುಗಳಲ್ಲಿ. ಐಎಸ್‌ಒ ಮಾಡುವ ಪ್ರೋಗ್ರಾಂ ಎಲ್ಲವನ್ನೂ 2048ಕ್ಕೆ ಕತ್ತರಿಸಿತು. ಅಂದ್ರೆ 16 ಗುಂಪು ಉಳಿದವು, ಎರಡು ಹೋದವು. ಜೊತೆಗೆ ‘ಇದು ಎಷ್ಟನೇ ಚಾನೆಲ್’ ಅಂತ ಹೇಳುವ ಸಬ್‌ಹೆಡರೂ ಹೋಯಿತು. 37800 ಹರ್ಟ್ಸ್ ಸ್ಟೀರಿಯೋ ಹಾಡಿಗೆ, ಡಬಲ್ ಸ್ಪೀಡಿನಲ್ಲಿ ತಿರುಗುವ ಡಿಸ್ಕಿನಲ್ಲಿ, ಎಂಟರಲ್ಲಿ ಒಂದು ಸೆಕ್ಟರ್ ಸಾಕು. ಹಾಗಾಗಿ ಎಂಟು ಹಾಡುಗಳನ್ನು ಜಡೆ ಹೆಣೆದ ಹಾಗೆ ಹೆಣೆದಿಟ್ಟಿರುತ್ತಾರೆ. ಒಂದೊಂದು ಎಳೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು.

ಐಎಸ್‌ಒ ಬಿಸಾಕಿ, ಬಿನ್ ಅನ್ನೇ ಜೆಪಿಎಸ್‌ಎಕ್ಸ್‌ಡೆಕ್ ಅನ್ನೋ ಪ್ಲೇಸ್ಟೇಷನ್ ಸದ್ದು ಬಿಡಿಸುವ ಪ್ರೋಗ್ರಾಮಿಗೆ ಕೊಟ್ಟೆ. ಎರಡು ನಿಮಿಷದಲ್ಲಿ ಎಂಟೂ ಹಾಡು ಬೇರೆ ಬೇರೆಯಾಗಿ ಬಂದವು. ರೇಸಿನ ಹಾಡುಗಳೆಲ್ಲ ಇದ್ದವು. ಮೆನುವಿನ ಹಾಡು ಮಾತ್ರ ಇಲ್ಲ. ‘ಹೋಗಲೇ’ನೂ ಇಲ್ಲ.

ಅಲ್ಲಿ ನಾನು ಒಂದು ಪಾಠ ಕಲಿತೆ. ಇನ್ನುಮುಂದೆ ಬಿನ್ ಬಿಟ್ಟು ಬೇರೇನನ್ನೂ ಮುಟ್ಟಬಾರದು ಅಂತ. ಮೂರು ವಾರ ಹಾಳಾದದ್ದು ಈ ಪಾಠದಿಂದಲೇ.

ಮೆನುವಿನ ಹಾಡು ಡಿಸ್ಕಿನಿಂದ ಸ್ಟ್ರೀಮ್ ಆಗುತ್ತಿಲ್ಲ ಅಂದ್ರೆ ಸೌಂಡ್ ಚಿಪ್ಪೇ ನುಡಿಸುತ್ತಿರಬೇಕು. 24 ದನಿ, 512 ಕೆಬಿ ಮೆಮೊರಿ. ಹಾಡಿನ ಸ್ವರಗಳು ಒಂದು ಫೈಲಿನಲ್ಲಿ, ವಾದ್ಯಗಳ ಸ್ಯಾಂಪಲ್ಲು, ಅಂದ್ರೆ ಒಂದೊಂದು ವಾದ್ಯದ ಸದ್ದಿನ ತುಣುಕು, ಇನ್ನೊಂದು ಕಡೆ. ಡಿಸ್ಕಿನಲ್ಲಿ ಅವು ಬೇರೆ ಫೈಲಾಗಿ ಇರಲಿಲ್ಲ. ಎಲ್ಲವನ್ನೂ ಒಂದೇ ದೊಡ್ಡ ಡ್ಯಾಟ್ ಫೈಲಿಗೆ ತುರುಕಿದ್ದರು. ಫೈಲಿನ ಬೈಟುಗಳನ್ನು ಒಂದೊಂದಾಗಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಬಿನ್ ತೆರೆದು, ಪಿ-ಬಿ-ಎ-ವಿ ಅನ್ನೋ ನಾಲ್ಕು ಅಕ್ಷರ ಹುಡುಕಿದೆ. ವಾದ್ಯಗಳ ಪಟ್ಟಿ ಶುರುವಾಗುವುದು ಅದರಿಂದಲೇ, ‘ವಿ-ಎ-ಬಿ-ಪಿ’ ಅನ್ನುವುದರ ತಲೆಕೆಳಗು. ಮೂರು ಕಡೆ ಸಿಕ್ಕಿತು. ಕುಣಿದಾಡಿಬಿಟ್ಟೆ.

ಪಟ್ಟಿಯ ಕೊನೆಯಲ್ಲಿ ಪ್ರತಿ ಸ್ಯಾಂಪಲ್ಲಿನ ಉದ್ದ ಇರುತ್ತೆ. ಎರಡೆರಡು ಬೈಟು, ಎಂಟರಿಂದ ಗುಣಿಸಬೇಕು. ಓದಿದೆ. ಅಂಕಿಗಳು ಹುಚ್ಚುಚ್ಚಾಗಿದ್ದವು. ಒಂದು ಸ್ಯಾಂಪಲ್ ಬರೀ ಮೂರು ಬ್ಲಾಕು (ಸದ್ದಿನ 16 ಬೈಟಿನ ತುಂಡು), ಪಕ್ಕದ್ದು ಚಿಪ್ಪಿನ ಮೆಮೊರಿಗಿಂತ ಸ್ವಲ್ಪವೇ ಕಡಿಮೆ. ಆಗಲೇ ನಿಂತು ಯೋಚಿಸಬೇಕಿತ್ತು. ನಾನೇನು ಮಾಡಿದೆ? ‘ಗೇಮ್ ಮಾಡಿದವರು ಏನೋ ಬದಲಾಯಿಸಿದ್ದಾರೆ’ ಅಂತ ಅವರ ತಲೆಗೆ ಕಟ್ಟಿ, ಪಟ್ಟಿಯನ್ನೇ ಬಿಟ್ಟೆ. ಸ್ಯಾಂಪಲ್ಲುಗಳ ಶುರುವಿನಲ್ಲಿ ಸಾಮಾನ್ಯವಾಗಿ 16 ಸೊನ್ನೆ ಇರುತ್ತವಲ್ಲ, ಅವನ್ನೇ ಗುರುತು ಮಾಡಿಕೊಂಡು ಬೈಟುಗಳನ್ನು ಸದ್ದಾಗಿಸುವ ಒಂದು ಡಿಕೋಡರನ್ನು ಪೈಥಾನಿನಲ್ಲಿ ನಾನೇ ಬರೆದೆ. ಬ್ಲಾಕಿಗೆ 16 ಬೈಟು. ಮೊದಲನೆಯದು ಸದ್ದು ಬಿಡಿಸುವ ಲೆಕ್ಕ (ಶಿಫ್ಟ್ ಮತ್ತು ಫಿಲ್ಟರ್), ಎರಡನೆಯದು ಫ್ಲಾಗ್ ಅಂದ್ರೆ ಸೂಚನೆ, ಉಳಿದ 14ರಲ್ಲಿ 28 ಸ್ಯಾಂಪಲ್ (ಇವು ವಾದ್ಯದ ತುಣುಕಲ್ಲ, ಸದ್ದಿನ ಅಲೆಯ ಒಂದೊಂದು ಬಿಂದು).

ಡ್ರಮ್ ಬಂತು! ಟಂಕ ಹೊಡೆದ ಹಾಗೆ ಶುದ್ಧ. ಗಿಟಾರ್ ಹಾಕಿದೆ. ‘ಟಿಂ’ ಅಂತ ಸತ್ತಿತು. ಪಿಯಾನೋ, ಅದೂ ಸತ್ತಿತು. ಸಣ್ಣವೆಲ್ಲ ಸರಿ, ಉದ್ದದ್ದೆಲ್ಲ ಹುಟ್ಟಿದ ಕೂಡಲೇ ಸಾವು. ನೋಡಿದರೆ ಡಿಕೋಡರಿಗೆ ಎಲ್ಲೋ ‘ಮುಗಿಯಿತು’ ಅನ್ನೋ ಫ್ಲಾಗ್ ಸಿಕ್ಕಿ ನಿಲ್ಲುತ್ತಿತ್ತು. ಫ್ಲಾಗ್ ನೋಡಿ ನಿಲ್ಲುವ ಆ ಸಾಲನ್ನೇ ಅಳಿಸಿಹಾಕಿದೆ. ಬೆಂಕಿ ಅಲಾರಂ ಕಿರುಚಿದರೆ ವೈರ್ ಕಿತ್ತು ಹಾಕಿದ ಹಾಗೆ.

ಈಗ ಗಿಟಾರ್ ಪೂರ್ತಿ ಬಂತು. ಅದರ ಮೇಲೆ ಟರ್ ಟರ್ ಟರ್ ಟರ್ ಅಂತ ಇನ್ನೊಂದು ಸದ್ದು. ಸೆಕೆಂಡಿಗೆ ಐದು ಸಲ, ಚಿಲ್ಲರೆ. ಒಂಚೂರೂ ತಾಳ ತಪ್ಪಲ್ಲ.

ನಮ್ಮ ಮನೆ ಕೆಳಗೆ ಜೀನ್ಸ್ ಹೊಲಿಯುವ ಯೂನಿಟ್ ಇದೆ. ಪಾರ್ಲರ್ ಕಾಲದ ದೋಸ್ತನದ್ದೇ. ಮೊದಲ ದಿನ ಹೆಡ್‌ಫೋನ್ ತೆಗೆದು ಕಿಟಕಿ ಮುಚ್ಚಿ ಬಂದೆ, ನಿಜವಾಗಿ. ಅಮ್ಮ ಒಗ್ಗರಣೆ ಮಿರ್ಚಿ ತಟ್ಟೆ ಹಿಡಿದು ಬಂದು ಸ್ಪೀಕರಿನಲ್ಲಿ ಕೇಳಿದಳು. ‘ಕೆಳಗಿನ ಮಿಷನ್ ಮ್ಯಾಲೆ ತಂದ್ಯೇನಪ್ಪಾ?’ ದೋಸ್ತ್ ಅಂತೂ ‘ನಮ್ ಮಿಷನ್ ಸೌಂಡ್ ರೆಕಾರ್ಡ್ ಮಾಡಿ ನಮಗೇ ಕೇಳಿಸ್ತೀಯೇನಲೇ, ಅದಕ್ಕೆ ಎಣ್ಣೆ ಹಾಕು’ ಅಂತ ಹೋದ.

ಎಣ್ಣೆ ಹಾಕಲು ನೋಡಿದೆ. ಡಿಸ್ಕ್ ಗೀರಾಗಿದೆ ಅಂತ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆ, ಮತ್ತೆ ಓದಿಸಿದೆ. ಚೆಕ್‌ಸಮ್ (ಫೈಲಿನಲ್ಲಿ ಏನಾದರೂ ಬದಲಾದರೆ ಬದಲಾಗುವ ಗುರುತಿನ ಸಂಖ್ಯೆ) ಮೊದಲಿನದೇ. ವೋಲ್ಟೇಜ್ ಏರಿಳಿತ ಇರಬಹುದು ಅಂತ ಯೂನಿಟ್ ಬಂದ್ ಇರುವ ಭಾನುವಾರ ಓದಿಸಿದೆ. ಅದೇ ಚೆಕ್‌ಸಮ್. ಇಷ್ಟಾದ ಮೇಲೆ ಡಿಸ್ಕಿನ ತಪ್ಪಲ್ಲ ಅಂತ ಒಪ್ಪಬೇಕಿತ್ತು. ಬಳ್ಳಾರಿಯ ಮೇ ತಿಂಗಳು, ತಲೆ ಓಡಲ್ಲ. ಡಿಕೋಡರಿನಲ್ಲಿ ಬೈಟಿನ ಮೇಲರ್ಧ ಕೆಳಗರ್ಧ ಅದಲುಬದಲು ಮಾಡಿ ನೋಡಿದೆ. ಗಿಟಾರೂ ಹೋಯಿತು, ಮಿಷನ್ ಒಂದೇ ಉಳಿಯಿತು.

ಬೇಜಾರಾಗಿ ಒಂದು ವಾರ ಬಿಟ್ಟೇಬಿಟ್ಟೆ. ಆ ವಾರ ಮುಂದಿನ ಕೆಲಸಕ್ಕೆ ಕೈ ಹಾಕಿದೆ. ಸಿರುಗುಪ್ಪದ ಹತ್ತಿರ ಅಜ್ಜನ ಊರು. ಅಜ್ಜ ಜಾತ್ರೆಗಳಲ್ಲಿ ಟೇಪ್ ರೆಕಾರ್ಡರ್ ಹೊತ್ತು ತಿರುಗುತ್ತಿದ್ದವನು. ಬಯಲಾಟ, ಬುರ್ರಕಥೆ ಎಲ್ಲ ತುಂಬಿಕೊಂಡ ಹದಿನೇಳು ಕ್ಯಾಸೆಟ್ಟು ಟ್ರಂಕಿನಲ್ಲಿವೆ. ಒಂದರ ಮೇಲೆ ಅಜ್ಜನ ಕೈಬರಹದಲ್ಲಿ ‘ದರೋಜಿ ಈರಮ್ಮ’ ಅಂತಿದೆ, ಬುರ್ರಕಥೆಗೆ ಹೆಸರಾದವರು. ನಿಜವಾಗಿ ಈರಮ್ಮನವರದೇ ದನಿಯೋ, ಅಥವಾ ಅಜ್ಜ ಚೆನ್ನಾಗಿ ಹಾಡಿದವರಿಗೆಲ್ಲ ಕೊಡುತ್ತಿದ್ದ ಬಿರುದೋ, ಕೇಳಿದ ಮೇಲೆಯೇ ಹೇಳಬೇಕು. ಡೆಕ್ಕಿನ ಬೆಲ್ಟ್ ಕರಗಿ ಡಾಂಬರಾಗಿದೆ. ಹೊಸ ಬೆಲ್ಟಿಗೆ ಅಳತೆ ಬರೆದು, ಫೋಟೋ ಸಮೇತ ಕಳಿಸಿ ತರಿಸಿದೆ. ಬಂದದ್ದು ಎರಡು ಸೆಂಟಿಮೀಟರ್ ದೊಡ್ಡದು. ಕೇಳಿದರೆ ‘ಹಾಕಿ ನೋಡಿ ಸಾರ್, ಕೂತ್ಕೊಳ್ಳುತ್ತೆ’ ಅಂದರು. ಬೆಲ್ಟ್ ಕೂತಿದೆ, ಡೆಕ್ಕೂ ಸುಮ್ನೆ ಕೂತಿದೆ. ಸರಿಯಾದ ಬೆಲ್ಟ್ ಬಂದ ದಿನ ಹೆಡ್ಡಿನ ಸ್ಕ್ರೂ ತಿರುಗಿಸಿ ಅಜಿಮತ್ (ಟೇಪಿಗೆ ಹೆಡ್ಡು ಕೂರುವ ಕೋನ) ಹೊಂದಿಸುವ ಕತೆ ಬರೆಯುತ್ತೇನೆ. ಪ್ರತಿ ಕ್ಯಾಸೆಟ್ಟಿಗೂ ಬೇರೆ ಹೊಂದಿಸಬೇಕಾಗುತ್ತೆ ಅಂತ ಅನುಮಾನ, ಅಜ್ಜ ರೆಕಾರ್ಡರುಗಳನ್ನು ಬದಲಾಯಿಸುತ್ತಲೇ ಇದ್ದ.

ಬೆಲ್ಟ್ ಇಲ್ಲದೆ ಕೈ ಖಾಲಿ. ನಿನ್ನೆ ರಾತ್ರಿ ಮತ್ತೆ ಕಾರ್ ಗೇಮ್ 7 ತೆರೆದೆ. ಕೇಳಿ ಕೇಳಿ ಸಾಕಾಗಿತ್ತು, ಈ ಸಲ ನೋಡೋಣ ಅಂತ ಗಿಟಾರನ್ನು ಸದ್ದಿನ ಅಲೆ ತೋರಿಸುವ ಆಡಾಸಿಟಿ ಪ್ರೋಗ್ರಾಮಿಗೆ ಹಾಕಿ ಹಿಗ್ಗಿಸಿದೆ. ನುಣ್ಣಗಿನ ಅಲೆ, ಮಧ್ಯದಲ್ಲಿ ಮುಳ್ಳಿನ ಪೊದೆ. ಮತ್ತೆ ನುಣುಪು, ಮತ್ತೆ ಪೊದೆ. ಒಂದು ಪೊದೆಯ ಶುರುವಿನಿಂದ ಮುಂದಿನ ಪೊದೆಯ ಶುರುವಿನವರೆಗೆ ಸೆಲೆಕ್ಟ್ ಮಾಡಿದೆ. 4116 ಸ್ಯಾಂಪಲ್. ಮುಂದಿನದ್ದು? 4116. ಅದರ ಮುಂದಿನದ್ದೂ 4116.

ಇಷ್ಟು ಶಿಸ್ತು ಗೀರಿಗೆ ಎಲ್ಲಿಂದ ಬರಬೇಕು? ಬ್ಲಾಕಿಗೆ 28 ಸ್ಯಾಂಪಲ್ ಅಲ್ವಾ, ಭಾಗಿಸಿದೆ. 147, ಶೇಷ ಇಲ್ಲ. ಬ್ಲಾಕಿಗೆ 16 ಬೈಟು. 147 ಗುಣಿಸು 16. ಕ್ಯಾಲ್ಕುಲೇಟರಿನಲ್ಲಿ 2352 ಅಂತ ಮೂಡಿತು.

ಕುರ್ಚಿಯಿಂದ ಎದ್ದು, ಅಡುಗೆಮನೆಗೆ ಹೋಗಿ, ನೀರು ಕುಡಿದು ಬಂದೆ. ಬೈದುಕೊಂಡದ್ದನ್ನು ಬರೆಯೋದು ಬೇಡ.

ಸೆಕ್ಟರ್! ಎಕ್ಸ್‌ಎಗೆ ಬಿನ್ ಬೇಕೇ ಬೇಕು, ಸರಿ. ಈ ಸ್ಯಾಂಪಲ್ಲುಗಳು ಇರುವುದು ಮಾಮೂಲಿ ಡೇಟಾ ಸೆಕ್ಟರಿನಲ್ಲಿ. ಅಲ್ಲಿ 2048 ಬೈಟು ಮಾಲು ಆದ ಮೇಲೆ 280 ಬೈಟು ತಿದ್ದುವ ಕೋಡು, ಮುಂದಿನ ಸೆಕ್ಟರಿನ 24 ಬೈಟು ಹೆಡರು. ಒಟ್ಟು 304 ಬೈಟು ಕಸ. ನಾನು ಹೆಕ್ಸ್ ಎಡಿಟರಿನಲ್ಲಿ ಬಿನ್‌ನಿಂದ ಸೀದಾ ಕತ್ತರಿಸಿ ತಂದದ್ದರಿಂದ ಆ ಕಸವನ್ನೂ ಗಿಟಾರ್ ಅಂತಲೇ ಡಿಕೋಡ್ ಮಾಡುತ್ತಿದ್ದೆ. ವಾದ್ಯಗಳ ಪಟ್ಟಿಯ ನಡುವೆಯೂ ಅದೇ ಕಸ ನುಗ್ಗಿತ್ತು. ಅಂಕಿಗಳು ಹುಚ್ಚಾದದ್ದು ಅದಕ್ಕೇ. ಗೇಮ್ ಮಾಡಿದವರೇ, ಕ್ಷಮಿಸಿ.

ನನ್ನನ್ನು ನಿಜವಾಗಿ ಮೋಸಗೊಳಿಸಿದ್ದು ಒಂದು ಕಾಕತಾಳೀಯ. 304 ಅಂದ್ರೆ 16ರ 19 ಪಟ್ಟು, ಸರಿಯಾಗಿ. ಒಂದು ಬೈಟು ಹೆಚ್ಚುಕಮ್ಮಿ ಇದ್ದಿದ್ದರೂ ಮೊದಲ ಸೆಕ್ಟರ್ ದಾಟಿದ ಮೇಲೆ ಬ್ಲಾಕುಗಳ ಗಡಿ ತಪ್ಪಿ ಎಲ್ಲವೂ ಗೊಜ್ಜಾಗುತ್ತಿತ್ತು, ನಾನು ಅವತ್ತೇ ಹಿಡಿಯುತ್ತಿದ್ದೆ. ಹಾಗಾಗಲಿಲ್ಲ. 128 ಬ್ಲಾಕ್ ಸಂಗೀತ, 19 ಬ್ಲಾಕ್ ಮಿಷನ್, ಮತ್ತೆ 128 ಬ್ಲಾಕ್ ಸಂಗೀತ. ಡ್ರಮ್ ಬಚಾವಾದದ್ದು ಅದು ಒಂದು ಸೆಕ್ಟರಿನೊಳಗೇ ಮುಗಿಯುವಷ್ಟು ಸಣ್ಣದು ಅಂತ.

ಪರಿಹಾರಕ್ಕೆ ಹಿಡಿದದ್ದು ನಾಲ್ಕು ಸಾಲು ಕೋಡು. 2352 ಓದು, 24 ಬಿಡು, 2048 ಇಟ್ಟುಕೋ, ಮುಂದಕ್ಕೆ ಹೋಗು. ಹೌದು, ನಾನು ಮೊದಲ ದಿನ ಬಿಸಾಕಿದ ಐಎಸ್‌ಒದಲ್ಲಿ ಇದ್ದದ್ದು ಇದೇ. ಹೊಸ ಫೈಲನ್ನು ವಿಜಿಎಂಟ್ರಾನ್ಸ್ ಅನ್ನೋ ಗೇಮ್ ಹಾಡು ಬಿಡಿಸುವ ಪ್ರೋಗ್ರಾಮಿಗೆ ಹಾಕಿದೆ. ಹಿಂದೆ ಅರೆಬರೆ ಏನೇನೋ ತೋರಿಸಿದ್ದು ಈಗ ಸ್ವರವನ್ನು ಮಿಡಿ (ಸ್ವರಗಳ ಪಟ್ಟಿ) ಫೈಲಾಗಿ, ವಾದ್ಯಗಳನ್ನು ಸೌಂಡ್‌ಫಾಂಟ್ (ವಾದ್ಯಗಳ ಸದ್ದಿನ ಕಟ್ಟು) ಆಗಿ ತಟ್ಟೆಯಲ್ಲಿಟ್ಟು ಕೊಟ್ಟಿತು. ನನ್ನ ಡಿಕೋಡರಿಗೆ ಕೆಲಸವೇ ಇಲ್ಲ. ಇರಲಿ, ಫ್ಲಾಗ್ ಸಾಲನ್ನು ವಾಪಸ್ ಹಾಕಿಟ್ಟಿದ್ದೇನೆ.

ಮೆನುವಿನ ಹಾಡು ಬಂತು. ಸ್ವಲ್ಪ ಒಣಒಣ. ಚಿಪ್ಪಿನ ರಿವರ್ಬ್ (ಮಾರ್ದನಿ) ಸೌಂಡ್‌ಫಾಂಟಿನಲ್ಲಿ ಬರಲ್ಲವಲ್ಲ, ಅದನ್ನು ಇನ್ನೂ ಹೊಂದಿಸಬೇಕು. ಬೆಳಿಗ್ಗೆ ದೋಸ್ತನಿಗೆ ಕೇಳಿಸಿದೆ. ಕತ್ತರಿ ಹಿಡಿದ ಕೈ ನಿಂತಿತು. ‘ಕೂಲರ್ ಸೌಂಡ್ ಇಲ್ಲಲ್ಲಲೇ’ ಅಂದ.

ಇನ್ನು 31ನೇ ಸ್ಯಾಂಪಲ್. ಮನುಷ್ಯನ ದನಿ, ಮುಕ್ಕಾಲು ಸೆಕೆಂಡು. ಈ ಸ್ಯಾಂಪಲ್ಲುಗಳಿಗೆ ತಮ್ಮದೇ ವೇಗ ಇರಲ್ಲ, ಯಾವ ಸ್ವರಕ್ಕೆ ನುಡಿಸಬೇಕು ಅಂತ ಪಟ್ಟಿ ಹೇಳಬೇಕು. ನಾನು ಅಂದಾಜಿಗೆ ಸೆಕೆಂಡಿಗೆ 11025 ಬಿಂದುವಿನ ವೇಗಕ್ಕೆ ಹಾಕಿದರೆ ಯಾರೋ ಆಕಳಿಸಿದ ಹಾಗಿತ್ತು, 44100ಕ್ಕೆ ಗುಬ್ಬಚ್ಚಿ. ಪಟ್ಟಿ ಸರಿಹೋದ ಮೇಲೆ ನಡುವಿನ ಸ್ವರ ನೋಡಿ ಸರಿಯಾದ ವೇಗಕ್ಕೆ ತಂದೆ. ದೋಸ್ತ್ ಮಿಷನ್ ಆಫ್ ಮಾಡಿಸಿದ, ಹೊಲಿಯುವ ಹುಡುಗರೂ ಸುತ್ತ ನಿಂತರು. ಹನ್ನೆರಡು ಸಲ ಹಾಕಿದೆವು. ಜಪಾನಿಯೋ ಇಂಗ್ಲಿಷೋ ಇರಬೇಕು. ಹನ್ನೆರಡು ಸಲವೂ ‘ಹೋಗಲೇ’ ಅಂತಲೇ ಕೇಳಿಸಿತು.