ಒಂದು ಸಲಕ್ಕೆ ಒಂದೇ ಬದಲಾವಣೆ

ನಮ್ಮ ಮಂಗಳೂರು ಆಫೀಸಿಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವ ಮಾತು ಇದು: ರಿವ್ಯೂಗೆ, ಅಂದರೆ ಜೊತೆಯವರು ಓದಿ ಪರಿಶೀಲಿಸಲು, ಕೋಡ್ ಕಳಿಸುವಾಗ ಚಿಕ್ಕದಾಗಿ ಕಳಿಸಿ. ಇಪ್ಪತ್ತು ಸಾಲಿನ ಬದಲಾವಣೆ ಬಂದರೆ ನಾವು ಒಂದೊಂದು ಸಾಲನ್ನೂ ಓದುತ್ತೇವೆ, ಪ್ರಶ್ನೆ ಕೇಳುತ್ತೇವೆ. ಎರಡು ಸಾವಿರ ಸಾಲು ಒಟ್ಟಿಗೆ ಬಂದರೆ ಯಾರಾದರೂ ಮೇಲಿಂದ ಕಣ್ಣಾಡಿಸಿ "ಸರಿ ಉಂಟು" ಅಂತ ಒಪ್ಪಿಗೆ ಕೊಟ್ಟುಬಿಡುತ್ತಾರೆ. ತಪ್ಪು ಒಳಗೆ ನುಸುಳುವುದು ಆಗಲೇ.

ಚಿಕ್ಕ ಬದಲಾವಣೆಯ ಬೆಲೆ ಗೊತ್ತಾಗುವುದು ಏನಾದರೂ ಕೆಟ್ಟಾಗ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಕೆಲಸಕ್ಕಾಗಿ ಬರೆದ ಗಿಟ್ ಇವತ್ತು ನಮ್ಮ ದಿನದ ಸಾಧನ. ಕೋಡಿನ ಬದಲಾವಣೆಗಳನ್ನು ಅದು ದಾಖಲಿಸಿಡುತ್ತದೆ, ಹಾಗೆ ದಾಖಲಾದ ಒಂದೊಂದು ಬದಲಾವಣೆಗೂ ಕಮಿಟ್ ಅನ್ನುತ್ತೇವೆ. ಅದರಲ್ಲಿ ಬೈಸೆಕ್ಟ್ ಅಂತ ಒಂದು ಕಮಾಂಡ್ ಇದೆ. ಹೋದ ತಿಂಗಳು ಸರಿಯಿದ್ದದ್ದು ಇವತ್ತು ಕೆಟ್ಟಿದೆ, ನಡುವೆ ಸಾವಿರ ಕಮಿಟ್ ಆಗಿವೆ ಅಂದುಕೊಳ್ಳಿ. ಬೈಸೆಕ್ಟ್ ಸೀದಾ ನಡುವಿನ ಕಮಿಟ್‌ಗೆ ಕರೆದೊಯ್ಯುತ್ತದೆ. ಅಲ್ಲಿ ಸರಿಯಿದೆಯೋ ಇಲ್ಲವೋ ನಾವು ನೋಡಿ ಹೇಳಬೇಕು. ಅರ್ಧ ಸಂಶಯ ಅಲ್ಲಿಗೇ ಕಳಚಿತು. ಮತ್ತೆ ಉಳಿದ ಅರ್ಧದ ನಡು. ಸುಮಾರು 10 ಸಲದಲ್ಲಿ ಕೆಡಿಸಿದ ಕಮಿಟ್ ಸಿಗುತ್ತದೆ. ಆದರೆ ಆ ಒಂದರಲ್ಲೇ ನಲವತ್ತು ಫೈಲು ಬದಲಾಗಿದ್ದರೆ? ಸಿಕ್ಕಿಯೂ ಸಿಗದ ಹಾಗೆ.

ನಮ್ಮನ್ನು ನಾವು ತಿದ್ದಿಕೊಳ್ಳಲು ಹೊರಟಾಗ ಮಾತ್ರ ಇದನ್ನೆಲ್ಲ ಮರೆಯುತ್ತೇವೆ, ಅಲ್ವಾ? ಜನವರಿ 1ಕ್ಕೋ ಬಿಸು ಹಬ್ಬಕ್ಕೋ ಶುರು. ಐದಕ್ಕೆ ಏಳುವುದು, ಸಕ್ಕರೆ ಬಿಡುವುದು, ಜಿಮ್, ಓದು, ಎಲ್ಲ ಒಂದೇ ರಿಲೀಸ್‌ನಲ್ಲಿ. ಒಂದು ಕೈಕೊಟ್ಟರೆ ಪೂರ್ತಿ ವಾಪಸ್. ಯಾವುದು ನಮಗೆ ಹೊಂದುತ್ತಿತ್ತು ಅನ್ನುವುದು ತಿಳಿಯುವುದೇ ಇಲ್ಲ.

ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಸಂಶಯ ಇದ್ದದ್ದು ನಾಲ್ಕರ ಮೇಲೆ: ಅಮೆರಿಕದ ಕ್ಲೈಂಟ್ ಜೊತೆ ರಾತ್ರಿಯ ಕಾಲ್, ತಡವಾದ ಊಟ, ಮಲಗಿಕೊಂಡು ಮೊಬೈಲ್, ಸಂಜೆ ಆರಕ್ಕೆ ಗೋಳಿಬಜೆ ಜೊತೆ ಖಡಕ್ ಚಾ. ಕಾಲ್ ನನ್ನ ಕೈಯಲ್ಲಿಲ್ಲ. ಬೈಸೆಕ್ಟ್‌ಗೆ ಮೊದಲು ಸರಿಯಿದ್ದ ಒಂದು ಕಮಿಟ್ ತೋರಿಸಬೇಕು. ಹಾಗಾಗಿ ಉಳಿದ ಮೂರನ್ನೂ ಬಿಟ್ಟು ನೋಡಿದೆ. ನಿದ್ದೆ ಬಂತು. ಆಮೇಲೆ ಒಂದೊಂದನ್ನೇ ವಾಪಸ್ ತಂದೆ. ಇದ್ದದ್ದು ಮೂರೇ, ಅರ್ಧ ಮಾಡುವ ಅಗತ್ಯ ಬರಲಿಲ್ಲ. ತಡವಾದ ಊಟದಿಂದ ತೊಂದರೆ ಇಲ್ಲ. ಮೊಬೈಲ್‌ನಿಂದ ಸ್ವಲ್ಪ. ಚಾ ಶುರು ಮಾಡಿದ ವಾರ ಮತ್ತೆ ಹೊರಳಾಟ. ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಂದರೆ ಆರಕ್ಕೆ ಕುಡಿದದ್ದು ಹನ್ನೊಂದಕ್ಕೂ ಅರ್ಧ ಒಳಗಿರುತ್ತದೆ. ಈಗ ಚಾ ಮಧ್ಯಾಹ್ನ ಮೂರಕ್ಕೆ. ತಡವಾದ ಊಟ ಹಾಗೆಯೇ ಉಳಿಯಿತು. ನನಗೆ ಅದು ಮುಖ್ಯ, ಮನೆಯವರೆಲ್ಲ ಒಟ್ಟಿಗೆ ಕೂರುವ ಹೊತ್ತು ಅದೊಂದೇ. ಮೂರನ್ನೂ ಬಿಟ್ಟು ಅಲ್ಲಿಗೇ ನಿಂತಿದ್ದರೆ ಅದೂ ಹೋಗುತ್ತಿತ್ತು.

ಪ್ರತಿಯೊಂದಕ್ಕೂ ಒಂದು ವಾರ ಕಾಯಲು ಕಾರಣ ಇದೆ. ಕೋಡ್ ಸರಿಯಿದೆಯೇ ಅಂತ ನೋಡಲು ಓಡಿಸುವ ಕೆಲವು ಟೆಸ್ಟ್‌ಗಳು ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸ್ ಆಗುತ್ತವೆ, ಒಮ್ಮೆ ಫೇಲ್. ಫ್ಲೇಕಿ ಟೆಸ್ಟ್ ಅನ್ನುತ್ತೇವೆ. ಒಂದೇ ಸಲ ಓಡಿಸಿ ಅದನ್ನು ನಂಬುವುದಿಲ್ಲ. ನಿದ್ದೆಯೂ ಹಾಗೆಯೇ. ಸೆಕೆ, ಕರೆಂಟ್ ಹೋದದ್ದು, ಹತ್ತಿರದ ಬಯಲಾಟದ ಚೆಂಡೆ, ಒಂದು ರಾತ್ರಿ ಕೆಡಲು ಏನಾದರೂ ಸಾಕು.

ಇನ್ನೊಂದು ಪಾಠ ನಮ್ಮ ಕರಾವಳಿಗೇ ಸೇರಿದ್ದು. ತಮ್ಮ ಕಂಪ್ಯೂಟರ್‌ನಲ್ಲಿ ಸರಿಯಿದ್ದ ಕೋಡ್ ಬೇರೆ ಕಡೆ ಕೆಟ್ಟರೆ "ನನ್ನ ಮೆಷಿನ್‌ನಲ್ಲಿ ಓಡ್ತದೆ" ಅನ್ನುವ ಮಾತು ಎಲ್ಲ ಡೆವಲಪರ್‌ಗಳ ಬಾಯಲ್ಲೂ ಇದೆ. ನಮ್ಮ ಟೀಮಿನ ಹುಡುಗನೊಬ್ಬ ಡಿಸೆಂಬರ್‌ನಲ್ಲಿ ಕದ್ರಿ ಪಾರ್ಕ್‌ನಲ್ಲಿ ಬೆಳಗ್ಗೆ ನಡೆಯಲು ಶುರು ಮಾಡಿದ. ಚೆನ್ನಾಗಿಯೇ ನಡೆಯಿತು. ಜೂನ್ ಬಂತು, ನಿಂತುಹೋಯಿತು. "ನಾನೇ ಸೋಮಾರಿ ಅಕ್ಕ" ಅಂದ. ನಾನು ಒಪ್ಪಲಿಲ್ಲ. ಸರ್ವರ್ ಕೆಟ್ಟು ನಿಂತಾಗ ನಾವು ವರದಿಯಲ್ಲಿ ಯಾರು ತಪ್ಪು ಮಾಡಿದರು ಅಂತ ಬರೆಯುವುದಿಲ್ಲ, ವ್ಯವಸ್ಥೆಯಲ್ಲಿ ಏನಿತ್ತು ಅಂತ ಬರೆಯುತ್ತೇವೆ. ಬೈದರೆ ಜನ ಮುಚ್ಚಿಡುತ್ತಾರೆ, ಕಾರಣ ಅಲ್ಲೇ ಉಳಿಯುತ್ತದೆ. ತನ್ನನ್ನು ತಾನೇ ಬೈದುಕೊಂಡರೂ ಹಾಗೆಯೇ.

ಇಲ್ಲಿ ಕಾರಣ ಸ್ಪಷ್ಟ. ನಮ್ಮಲ್ಲಿ ವರ್ಷದ ಮಳೆಯ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅವನ ಅಭ್ಯಾಸದ ಪರೀಕ್ಷೆ ಆದದ್ದು ಬರೀ ಒಣ ದಿನಗಳಲ್ಲಿ. ಅದಕ್ಕೆ ಮಳೆಗಾಲದ ಇನ್ನೊಂದು ಸೆಟ್ಟಿಂಗ್ ಬೇಕಿತ್ತು. ಮಳೆ ಸುರಿಯುವ ದಿನ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುವುದು ಅಂತ ಅವನೇ ತೀರ್ಮಾನಿಸಿದ. ಮರುವರ್ಷ ಮಳೆಗೆ ಮುಂಚೆ, ಮೇ ತಿಂಗಳಲ್ಲೇ ಅದನ್ನು ಮಾಡಿ ನೋಡಿದ. ಇಳಿಯುವಾಗ ಮಂಡಿ ನೋಯುವುದು ಆಗಲೇ ಗೊತ್ತಾಯಿತು. ಈಗ ಹತ್ತುವುದು ಮೆಟ್ಟಿಲಲ್ಲಿ, ಇಳಿಯುವುದು ಲಿಫ್ಟ್‌ನಲ್ಲಿ.