ಕ್ಯಾಂಟೊನೀಸಿನಲ್ಲಿ ‘ಕೈಕೆಳಗಿನವರು’ ಅಂತ ಹೇಗೆ ಹೇಳೋದು?

ಹಾಂಗ್‌ಕಾಂಗ್‌ಗೆ ಕೆಲಸಕ್ಕೆ ಬರುವ ನಮ್ಮವರೆಲ್ಲ ನನ್ನನ್ನು ಇದನ್ನೇ ಕೇಳುತ್ತಾರೆ: “ನನ್ನ ಕೈಕೆಳಗೆ ನಾಲ್ಕು ಜನ ಇದ್ದಾರೆ. ಅವರನ್ನು ಕ್ಯಾಂಟೊನೀಸಿನಲ್ಲಿ ಏನಂತ ಕರೀಬೇಕು?”

ಪದ ಇದೆ: ‘ಹಾ ಸುಕ್’. ‘ಹಾ’ ಅಂದರೆ ಕೆಳಗೆ, ‘ಸುಕ್’ ಅಂದರೆ ಸೇರಿದ್ದು. ಮೇಲಿನವರು ‘ಸ್ಯೋಂಗ್ ಸೀ’. ‘ಸ್ಯೋಂಗ್’ ಅಂದರೆ ಮೇಲೆ, ‘ಸೀ’ ಅಂದರೆ ವಹಿಸಿಕೊಂಡು ನೋಡಿಕೊಳ್ಳುವುದು. ಹಾಂಗ್‌ಕಾಂಗ್ ಸರ್ಕಾರದ ಹಣಕಾಸು ಕಾರ್ಯದರ್ಶಿಯ ಹುದ್ದೆಯ ಹೆಸರಲ್ಲೂ ಇದೇ ‘ಸೀ’ ಇದೆ.

ವರದಿಯಲ್ಲಿ, ಸುದ್ದಿಯಲ್ಲಿ ಇವು ಸಲೀಸಾಗಿ ಬರುತ್ತವೆ. ಆದರೆ ‘ಹಾ ಸುಕ್’ ಒಬ್ಬರ ಬಗ್ಗೆ ಹೇಳುವ ಪದ, ಅವರನ್ನು ಕರೆಯುವ ಅಥವಾ ಅವರ ಎದುರಿಗೇ ಪರಿಚಯಿಸುವ ಪದ ಅಲ್ಲ. ಇದು ನನಗೆ ತಡವಾಗಿ ಗೊತ್ತಾಯಿತು. ಒಂದು ಮೀಟಿಂಗಿನಲ್ಲಿ ನಮ್ಮ ತಂಡಕ್ಕೆ ಹೊಸದಾಗಿ ಸೇರಿದವರೊಬ್ಬರನ್ನು ಗ್ರಾಹಕರಿಗೆ “ನನ್ನ ಹಾ ಸುಕ್” ಅಂತ ಪರಿಚಯಿಸಿದೆ. ಆ ಹೊಸಬರು ವಿಸಿಟಿಂಗ್ ಕಾರ್ಡ್ ಕೈಯಲ್ಲಿ ಹಿಡಿದು ಮುಂದೆ ಬರುತ್ತಿದ್ದವರು ಅಲ್ಲೇ ನಿಂತುಬಿಟ್ಟರು. ಆ ಮುಖ ಇನ್ನೂ ನೆನಪಿದೆ.

‘ಸೌ ಹಾ’ ಅಂತ ಇನ್ನೊಂದು ಪದ ಇದೆ. ‘ಸೌ’ ಅಂದರೆ ಕೈ, ‘ಹಾ’ ಅಂದರೆ ಕೆಳಗೆ. ಅಕ್ಷರಶಃ ನಮ್ಮ ‘ಕೈಕೆಳಗೆ’! ಕನ್ನಡದವರಿಗೆ ಇದೇ ಮೊದಲು ನಾಲಿಗೆಗೆ ಬರುತ್ತದೆ. ದಯವಿಟ್ಟು ಆಫೀಸಿನಲ್ಲಿ ಬಳಸಬೇಡಿ. ಇದಕ್ಕೆ ದಾದಾಗಳ ಹುಡುಗರು ಅನ್ನುವ ವಾಸನೆ ಇದೆ. ‘ಫೋ ಕೇ’ ಬೆಚ್ಚಗಿನ ಪದ. ಅಂಗಡಿ ಮಾಲೀಕ ಕೆಲಸದವರಿಗೆ ಹೇಳುತ್ತಾನೆ, ಪೊಲೀಸರು ತಮ್ಮತಮ್ಮಲ್ಲಿ ಹೇಳಿಕೊಳ್ಳುತ್ತಾರೆ, ಹೋಟೆಲಿನಲ್ಲಿ ಸಪ್ಲೈಯರ್‌ನನ್ನೂ ಹಾಗೇ ಕೂಗುತ್ತಾರೆ. ಗ್ರಾಹಕರ ಮುಂದೆ ಮಾತ್ರ ಹೊಂದುವುದಿಲ್ಲ.

ಹಾಗಾದರೆ ಏನನ್ನಬೇಕು? ‘ಥುಂಗ್ ಸೀ’, ಸಹೋದ್ಯೋಗಿ. ಇಡೀ ವಾಕ್ಯ ಹೀಗೆ: “ನೀ ವೈ ಹೈ ಙೋ ಥುಂಗ್ ಸೀ.” ಅಂದರೆ ‘ಇವರು ನನ್ನ ಸಹೋದ್ಯೋಗಿ’. ಇಲ್ಲಿ ‘ಙೋ’ ಅಂದರೆ ನಾನು, ನನ್ನ. ವರ್ಣಮಾಲೆಯಲ್ಲಿ ಸುಮ್ನೆ ಕೂತಿದ್ದ ನಮ್ಮ ‘ಙ’ಗೆ ಕೊನೆಗೂ ಒಂದು ಕೆಲಸ ಸಿಕ್ಕಿತು ಅಂತ ನನಗೆ ಖುಷಿ. ‘ನೀ ಕೋ’ ಅಂದರೂ ‘ಈ ವ್ಯಕ್ತಿ’ ಅಂತಲೇ ಅರ್ಥ. ಆದರೆ ಮರ್ಯಾದೆ ಇರುವುದು ‘ವೈ’ಯಲ್ಲಿ. ನಾವು ‘ಇವಳು’ ಅನ್ನದೆ ‘ಇವರು’ ಅಂತೀವಲ್ಲ, ಹಾಗೆ. ನನ್ನ ಪ್ರಕಾರ ‘ಹಾ ಸುಕ್’ಗಿಂತ ಮೊದಲು ಕಲಿಯಬೇಕಾದ್ದು ಈ ಪುಟ್ಟ ‘ವೈ’.

ಮುಂದಿನ ಮೀಟಿಂಗಿನಲ್ಲಿ ಈ ವಾಕ್ಯವನ್ನೇ ಹೇಳಿದೆ. ಅವರು ನನ್ನ ಪಕ್ಕಕ್ಕೆ ಬಂದು, ಎರಡೂ ಕೈಯಲ್ಲಿ ಕಾರ್ಡ್ ಹಿಡಿದು ಗ್ರಾಹಕರಿಗೆ ಕೊಟ್ಟರು.