ದೈವದ ಕಲ್ಲು ಕಿತ್ಕೊಂಡು ಬರ್ಲಾ?

ವಿಶ್ವ ಆದಿವಾಸಿ ದಿನ, ಆಗಸ್ಟ್ 9 ಬಂದರೆ ಕೊಪ್ಪ, ಶೃಂಗೇರಿ ಕಡೆ ಆದಿವಾಸಿಗಳಿಗೆ ಶಾಲು ಹೊದಿಸುವ ಸಡಗರ. ಈ ವಾರವೂ ಆಯ್ತು. ಡೋಲು ಚೆನ್ನಾಗಿತ್ತು, ಭಾಷಣ ಉದ್ದವಾಯ್ತು. ಸನ್ಮಾನ ಮುಗಿದ ಮೇಲೆ ಪರಿಶಿಷ್ಟ ಪಂಗಡದ ಮಲೆಕುಡಿಯರ ಅಜ್ಜಿಯೊಬ್ಬರು ಆ ಶಾಲಿನಲ್ಲೇ ಕಚೇರಿಗೆ ಹೋಗಿ ಅರಣ್ಯ ಹಕ್ಕಿನ ಅರ್ಜಿ ವಿಚಾರಿಸಿದರು.

'75 ವರ್ಷದ ದಾಖಲೆ ಎಲ್ಲಿ?' ಅಂದ ಗುಮಾಸ್ತ.

'ಮನೆ ಹಿಂದೆ ದೈವದ ಕಲ್ಲಿದೆ. ಕಿತ್ಕೊಂಡು ಬರ್ಲಾ ಸ್ವಾಮಿ?'

ಎಲ್ಲರೂ ನಕ್ಕರು. ಗುಮಾಸ್ತ ಮಾತ್ರ ನಗಬಾರದಿತ್ತು. ಮೊದಲನೆಯದಾಗಿ, 75 ವರ್ಷದ ಲೆಕ್ಕ ಪರಿಶಿಷ್ಟ ಪಂಗಡಕ್ಕಲ್ಲ, ಇತರೆ ಪಾರಂಪರಿಕ ಅರಣ್ಯವಾಸಿಗಳಿಗೆ, ಅಂದರೆ ಆ ಪಂಗಡಕ್ಕೆ ಸೇರದೆ ತಲೆಮಾರುಗಳಿಂದ ಕಾಡಲ್ಲಿರುವವರಿಗೆ. ಅಜ್ಜಿ ತೋರಿಸಬೇಕಾದ್ದು 2005ರ ಡಿಸೆಂಬರ್ 13ಕ್ಕೆ ಮುಂಚಿನ ಸ್ವಾಧೀನ, ಅಷ್ಟೆ. ಎರಡನೆಯದು, ದೈವದ ಕಲ್ಲು ದಾಖಲೆಯೇ! ಅರಣ್ಯ ಹಕ್ಕು ಕಾಯ್ದೆಯ 2008ರ ನಿಯಮಗಳಲ್ಲಿ 13ನೇದನ್ನು ಓದಿ: ಪೂಜಾಸ್ಥಳ, ಬಾವಿ, ಸ್ಮಶಾನ, ಮನೆ, ಏರಿ, ಮಟ್ಟ ಮಾಡಿದ ನೆಲ ಎಲ್ಲವೂ ಸಾಕ್ಷ್ಯ.

ಕಲ್ಲು ತಾನಾಗಿ ಮಾತಾಡಲ್ಲ ನಿಜ. ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿ ಅರಣ್ಯ ಇಲಾಖೆಗೂ ಅರ್ಜಿದಾರರಿಗೂ ತಿಳಿಸಿ ಸ್ಥಳಕ್ಕೆ ಹೋಗಬೇಕು, ಕಂಡದ್ದನ್ನು ಬರೆಯಬೇಕು. ಅರ್ಜಿ ಎಡವುವುದು ಇಲ್ಲೇ. ಕಲ್ಲು, ಬಾವಿ, ಹಳೇ ಏರಿ ಮಹಜರಿಗೆ ಬರುವುದೇ ಇಲ್ಲ, ಬರೀ ಎಕರೆ ಬರೆದು ಏಳುತ್ತಾರೆ. ಜೊತೆಗೆ ಹಿರಿಯರ ಹೇಳಿಕೆ ಇಡಬೇಕು; ಅರ್ಜಿದಾರರೇ ಹಿರಿಯರಾಗಿ ಹೆಬ್ಬೆಟ್ಟು ಒತ್ತಿದರೆ ನಡೆಯಲ್ಲ, ಬೇರೆಯವರೇ ಆಗಬೇಕು. ಒಂದೇ ಸಾಕ್ಷ್ಯ ಸಾಲದು, ಒಂದಕ್ಕಿಂತ ಹೆಚ್ಚು ಬೇಕು. ಒತ್ತುವರಿಯೆಂದು ಹಿಂದೆ ದಂಡ ಹಾಕಿದ ರಸೀತಿ ಇದ್ದರೆ ನಾಚಿಕೊಂಡು ಒಲೆಗೆ ಹಾಕಬೇಡಿ. ಅದೊಂದನ್ನೇ ಹಿಡಿದು ಅರ್ಜಿ ತಳ್ಳುವಂತಿಲ್ಲ ಅಂತ ಆ ನಿಯಮಗಳ 2012ರ ತಿದ್ದುಪಡಿ ಹೇಳುತ್ತೆ. ಮೇಲಾಗಿ 2005ಕ್ಕೆ ಮುಂಚಿನ ತಾರೀಕಿದ್ದರೆ ನೀವು ಅಲ್ಲೇ ಇದ್ದಿರಿ ಅಂತ ಇಲಾಖೆಯೇ ಬರೆದುಕೊಟ್ಟ ಹಾಗಾಯ್ತು.

'ರಿಜೆಕ್ಟ್ ಆಗಿದೆ' ಅಂತ ಬಾಯಲ್ಲಿ ಹೇಳಿದರೆ ಎದ್ದು ಬರಬೇಡಿ. ಕಾರಣ ಬರೆದ ಪತ್ರ ಕೇಳಿ. ಗ್ರಾಮಸಭೆಯ ನಿರ್ಣಯದ ವಿರುದ್ಧ ಉಪವಿಭಾಗ ಸಮಿತಿಗೆ, ಅದರ ವಿರುದ್ಧ ಜಿಲ್ಲಾ ಸಮಿತಿಗೆ ಹೋಗಲು 60 ದಿನ ಮಾತ್ರ. ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸುವ ಹಾಗಿಲ್ಲ. ಹಕ್ಕುಪತ್ರ ಬಂದಾಗ ಗಂಡ ಹೆಂಡತಿ ಇಬ್ಬರ ಹೆಸರೂ ಇದೆಯಾ ನೋಡಿ. ಅದು ಕಾನೂನೇ ಕೊಟ್ಟಿದ್ದು, ಯಾರ ಔದಾರ್ಯವೂ ಅಲ್ಲ.

ಸನ್ಮಾನ ಮಾಡುವವರು ಇನ್ನೊಂದು ವರ್ಷ ಶಾಲಿನ ದುಡ್ಡಲ್ಲಿ ಜೀಪು ಮಾಡಿ ಸಮಿತಿಯನ್ನು ಆ ಹಿತ್ತಲಿಗೆ ಕರೆದೊಯ್ಯಲಿ. ಕಲ್ಲು ಎಷ್ಟು ದೊಡ್ಡದು ಅಂತ ಹೊರಗೆ ಯಾರೋ ಕೇಳಿದರು. ಅಜ್ಜಿ ಶಾಲು ಮಡಚುತ್ತಾ, 'ಮೂರು ಜನ ಸೇರಿದ್ರೂ ಅಲ್ಲಾಡಲ್ಲ' ಅಂದರು.